ಹುಣಸೆ ನೀರಿನಲ್ಲಿ ಐದು ಹರಳುಗಳು

ಒಮಾನ್ ದೇಶದ ಸೀಬ್ ಊರಿನ ನಮ್ಮ ಫ್ಲಾಟಿನ ಹಾಲ್‌ನಲ್ಲಿ, ಟಿವಿ ಇರಬೇಕಾದ ಗೋಡೆಗೆ ಒಂದು ಗಾಜಿನ ಕಪಾಟು ಇದೆ. ಅದರಲ್ಲಿರುವುದು ಕಲ್ಲುಗಳು. ಕಳೆದ ಬೇಸಿಗೆಯಲ್ಲಿ ಆ ಕಲ್ಲುಗಳನ್ನು ಸಮುದ್ರಕ್ಕೆ ಹಾಕಬೇಕೆಂದು ನನಗೆ ಹೇಳಿದರು. ಹೇಳಿದವರು ಹೊರಗಿನವರಾಗಿರಲಿಲ್ಲ, ನನ್ನದೇ ಅಡುಗೆಮನೆಯಲ್ಲಿ ನಿಂತು ನನಗೆ ಅನ್ನ ಬಡಿಸುತ್ತಿದ್ದವರು. ನಾನು ಹಾಕಲಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯಬೇಕೆಂದಿದ್ದೇನೆ.

ಆ ಕಲ್ಲುಗಳ ಹೆಸರು ಕ್ಯಾಲ್ಸೈಟ್. ಸುಣ್ಣದ ಕಲ್ಲಿನ ಜಾತಿಯೇ. ಭೂಮಿಯೊಳಗೆ ಒಂದು ಪೊಳ್ಳು ಜಾಗ ಸಿಕ್ಕಿ, ಅಲ್ಲಿ ನೀರು ಬಹಳ ಕಾಲ ಒಸರಿದರೆ, ಅದೇ ಸುಣ್ಣ ಅಂಚು ಮೂಲೆಗಳಿರುವ ಹರಳಾಗಿ ಬೆಳೆಯುತ್ತದೆ. ಯುರೋಪಿನ ಹಳೆಯ ಗಣಿಗಳಲ್ಲಿ ಇಂಥ ಹರಳುಗಳು ಸಿಗುತ್ತಿದ್ದವು. ಗಣಿ ತೋಡಿದ್ದು ಬೆಳ್ಳಿಗೆ, ಕಬ್ಬಿಣಕ್ಕೆ, ಸೀಸಕ್ಕೆ. ಕ್ಯಾಲ್ಸೈಟ್ ಅವರಿಗೆ ಕಸ. ಆದರೂ ಕೆಲವು ಕೂಲಿಗಳು ಚಂದ ಕಂಡದ್ದನ್ನು ಊಟದ ಡಬ್ಬಿಯಲ್ಲಿಟ್ಟು ಮನೆಗೆ ತಂದರು. ಹಾಗೆ ಉಳಿದವುಗಳೇ ಇಂದು ಸಂಗ್ರಾಹಕರ ಕೈಯಿಂದ ಕೈಗೆ ಹೋಗುತ್ತಿವೆ. ಗಣಿಗಳು ಮುಚ್ಚಿವೆ, ಹೆಚ್ಚಿನವುಗಳೊಳಗೆ ಈಗ ನೀರು ತುಂಬಿದೆ. ಒಂದು ಹಾಳಾದರೆ ಅದರ ಬದಲಿಗೆ ಇನ್ನೊಂದು ಬರುವುದಿಲ್ಲ. ಈ ಒಂದು ಮಾತನ್ನು ನಾನು ನಮ್ಮ ಮನೆಯಲ್ಲಿ ಎಷ್ಟು ಸಲ ಹೇಳಿದ್ದೇನೋ.

ನನಗೆ ಈ ಹುಚ್ಚು ಹಿಡಿದದ್ದು ಆಫೀಸಿನಲ್ಲಿ. ತೈಲ ಹುಡುಕುವವರಿಗೆ ನಕ್ಷೆ ಮಾಡಿಕೊಡುವ ಸಣ್ಣ ಕಚೇರಿಯಲ್ಲಿ ನಾನು ಸೆಕ್ರೆಟರಿ. ಅಲ್ಲಿದ್ದ ಇಂಗ್ಲಿಷ್ ಭೂವಿಜ್ಞಾನಿಯೊಬ್ಬರ ಮೇಜಿನ ಮೇಲೆ ಮುಷ್ಟಿ ಗಾತ್ರದ ಒಂದು ಹರಳಿತ್ತು. ಎರಡು ಹರಳುಗಳು ಬುಡದಲ್ಲಿ ಸೇರಿ ಮೇಲೆ ಅಗಲವಾಗಿ ತೆರೆದಿದ್ದವು, ಚಿಟ್ಟೆ ರೆಕ್ಕೆ ಬಿಚ್ಚಿದ ಹಾಗೆ. ಇದನ್ನು ಕಡೆದವರು ಯಾರು ಸರ್ ಎಂದು ಕೇಳಿದೆ. ಯಾರೂ ಅಲ್ಲ, ಹೀಗೇ ಬೆಳೆದದ್ದು ಎಂದರು. ಅವರು ಕೆಲಸ ಮುಗಿಸಿ ಊರಿಗೆ ಹೊರಟಾಗ ಅದನ್ನು ನನ್ನ ಮೇಜಿನ ಮೇಲಿಟ್ಟು ಹೋದರು. ಉತ್ತರ ಇಂಗ್ಲೆಂಡಿನ ಎಗ್ರೆಮಾಂಟ್ ಎಂಬ ಊರಿನ ಕಬ್ಬಿಣದ ಗಣಿಯದ್ದು. ಬುಡದಲ್ಲಿ ಕುಂಕುಮದಂಥ ಕೆಂಪು ಅಂಟಿದೆ, ಕಬ್ಬಿಣದ ಅದಿರಿನ ಕೆಂಪು.

ಆಮೇಲೆ ನಾನೇ ಕೊಳ್ಳಲು ಶುರುಮಾಡಿದೆ. ಬೋನಸ್ ಬಂದ ತಿಂಗಳು ನಮ್ಮವರೆಲ್ಲ ಬಂಗಾರದ ಅಂಗಡಿಗೆ ಹೋದರೆ ನಾನು ಜರ್ಮನಿಯ, ಚೆಕ್ ದೇಶದ ವ್ಯಾಪಾರಿಗಳಿಗೆ ಮೇಲ್ ಬರೆಯುತ್ತಿದ್ದೆ. ಮೊದಲ ಪಾರ್ಸೆಲ್ ಬಂದಾಗ ಕಸ್ಟಮ್ಸ್‌ನವನು ಪೆಟ್ಟಿಗೆ ತೆರೆದು, ಹತ್ತಿಯ ಪದರ ಒಂದೊಂದಾಗಿ ಬಿಚ್ಚಿ, ಕೊನೆಗೆ ಸಿಕ್ಕಿದ್ದನ್ನು ಎತ್ತಿ ಹಿಡಿದ.

"ಹಜರ್?" ಎಂದ. ಕಲ್ಲಾ ಎಂದು.

"ಹಜರ್," ಎಂದೆ.

"ಬಸ್ ಹಜರ್?" ಬರೀ ಕಲ್ಲಾ? ಮತ್ತೆ ಕಿಟಕಿಯ ಆಚೆ ಕೈ ತೋರಿಸಿದ. ಅಲ್ಲಿ ಬೆಟ್ಟಗಳ ಸಾಲು ಸಾಲೇ ನಿಂತಿತ್ತು, ಒಂದು ಹುಲ್ಲುಕಡ್ಡಿಯೂ ಇಲ್ಲದ ಬೋಳು ಕಲ್ಲು. "ಮೇಡಂ, ಒಮಾನ್‌ನಲ್ಲಿ ಕಲ್ಲು ಮುಗಿಯಿತಾ?" ಎಂದು ಹಿಂದಿಯಲ್ಲಿ ಕೇಳಿದ. ಪಕ್ಕದಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಪೆಟ್ಟಿಗೆಯನ್ನು ಅವನ ಕೈಯಿಂದ ತೆಗೆದುಕೊಂಡು ಹತ್ತಿಯನ್ನು ನಾನೇ ಸುತ್ತಿದೆ.

ಮಗಳು ನನ್ನನ್ನು "ರಾಕ್ ಲೇಡಿ" ಎನ್ನುತ್ತಾಳೆ. ಗಂಡ ಏನೂ ಅನ್ನುತ್ತಿರಲಿಲ್ಲ. ಅವರಿಗೆ ಏಸಿ ರಿಪೇರಿ ಕಂಪನಿಯಲ್ಲಿ ಸೂಪರ್‌ವೈಸರ್ ಕೆಲಸ. ಮನೆಗೆ ಬಂದರೆ ಕ್ರಿಕೆಟ್, ಬಾಲ್ಕನಿಯಲ್ಲಿ ಸಿಗರೇಟು. ಟಿವಿಯನ್ನು ಮಲಗುವ ಕೋಣೆಗೆ ಸಾಗಿಸಿ ಗೋಡೆಯನ್ನು ನನಗೆ ಬಿಟ್ಟುಕೊಟ್ಟವರು ಅವರೇ. ಅದನ್ನು ನಾನು ಮರೆತಿಲ್ಲ.

ಕಳೆದ ಜೂನ್‌ನಲ್ಲಿ ಅವರು ಮೆಟ್ಟಿಲ ಮೇಲೆ ಕುಸಿದರು. ಕೈಯಲ್ಲಿ ತರಕಾರಿ ಚೀಲ ಇತ್ತು. ಟೊಮೆಟೊ ಕೆಳಗಿನ ಮನೆಯ ಬಾಗಿಲವರೆಗೆ ಉರುಳಿದ ಸದ್ದು ಕೇಳಿ ನಾನು ಹೊರಗೆ ಬಂದೆ. ಹೃದಯದ ಎರಡು ನಾಳಗಳು ಕಟ್ಟಿದ್ದವು. ಆಸ್ಪತ್ರೆಯಲ್ಲಿ ಒಂದಕ್ಕೆ ಸ್ಟೆಂಟ್ ಹಾಕಿದರು. ಇನ್ನೊಂದಕ್ಕೆ ಕೆಲವು ವಾರ ಬಿಟ್ಟು ಹಾಕೋಣ ಎಂದರು ಮಲಯಾಳಿ ಡಾಕ್ಟರ್. ಯಾಕೆ ಹೀಗಾಯಿತು ಎಂದು ಕೇಳಿದ್ದಕ್ಕೆ ಅವರು ಗಂಡನ ಬೆರಳುಗಳನ್ನು ಹಿಡಿದು ಉಗುರಿನ ಹಳದಿ ಕಲೆಯನ್ನು ನನಗೆ ತೋರಿಸಿ, ಸಿಗರೇಟು ಎಂದರು.

ಸುದ್ದಿ ಕೇಳಿ ಗಂಡನ ಅಕ್ಕ ಕರಾವಳಿಯ ನಮ್ಮೂರು ಕಾಪುವಿನಿಂದ ವಿಸಿಟ್ ವೀಸಾದಲ್ಲಿ ಬಂದರು. ನಾನೂ ಅವರನ್ನು ಅಕ್ಕ ಎಂದೇ ಕರೆಯುವುದು. ವಿಮಾನದಲ್ಲಿ ಮೊದಲ ಸಲ ಕೂತವರು. ಬಂದ ದಿನವೇ ಸೀರೆಯ ಸೆರಗು ಸಿಕ್ಕಿಸಿ ಅಡುಗೆಮನೆಗೆ ಹೋದರು. ಆ ಎರಡು ತಿಂಗಳು ನಾನು ಆಫೀಸಿಗೆ ರಜೆ ಹಾಕದೆ ಹೋಗಿ ಬರುವುದು ಸಾಧ್ಯವಾದದ್ದು ಅವರಿಂದ. ಉಪ್ಪಿಲ್ಲದ ಸಾರನ್ನೂ ರುಚಿ ಮಾಡಿದರು. ತಮ್ಮನಿಗೆ ಮಗುವಿಗೆ ಮಾಡಿದ ಹಾಗೆ ಮಾಡಿದರು. ಮುಂದೆ ಬರೆಯುವುದನ್ನು ಓದುವವರು ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ನಮ್ಮ ಕಡೆ ಮನೆಗೆ ಕಷ್ಟ ಬಂದರೆ ಜೋಯಿಸರಲ್ಲಿ ಪ್ರಶ್ನೆ ಇಡುತ್ತಾರೆ. ಅವರು ಕವಡೆ ಹರಡಿ ಯಾವ ದೋಷದಿಂದ ಹೀಗಾಯಿತು ಎಂದು ಹೇಳುತ್ತಾರೆ. ಅಕ್ಕ ಊರಿಗೆ ಫೋನ್ ಮಾಡಿ ತಮ್ಮನ ಹೆಸರಿನಲ್ಲಿ ಪ್ರಶ್ನೆ ಇಡಿಸಿದರು. ಉತ್ತರ ಬಂದ ದಿನ ನಾನು ಆಫೀಸಿನಿಂದ ಬಂದು ಚಪ್ಪಲಿ ಬಿಡುತ್ತಿದ್ದೆ.

"ನೆಲದ ಅಡಿಯಿಂದ ಕಿತ್ತು ತಂದ ಕಲ್ಲು ಉಂಟಂತೆ ಈ ಮನೆಯಲ್ಲಿ," ಎಂದರು ಅಕ್ಕ. "ಹೆಡೆ ಬಿಚ್ಚಿದ ಹಾಗೆ ಇರುವ ಕಲ್ಲು. ನಾಗನ ಜಾಗದ್ದಂತೆ. ಹರಿಯುವ ನೀರಿಗೆ ಬಿಡಬೇಕಂತೆ. ಹೊಳೆ ಇಲ್ಲದಿದ್ರೆ ಸಮುದ್ರವೂ ಆದೀತಂತೆ."

"ಅವರಿಗೆ ಹೇಗೆ ಗೊತ್ತಾಯ್ತು ಅಕ್ಕ?"

"ಕವಡೆಯಲ್ಲಿ ಬಂತು."

ಹಿಂದಿನ ವಾರ ಮಗಳು ಅಪ್ಪ ಮನೆಗೆ ಬಂದದ್ದರ ಫೋಟೋವನ್ನು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದ್ದಳು. ಅವರ ತಲೆಯ ಹಿಂದೆಯೇ ಕಪಾಟು, ಕಪಾಟಿನ ನಡುವೆ ಎಗ್ರೆಮಾಂಟ್‌ನ ಜೋಡಿಹರಳು. ಆ ಫೋಟೋವನ್ನು ಜೋಯಿಸರು ನೋಡಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಬರೆಯುವುದಿಲ್ಲ.

"ಅದು ಇಂಗ್ಲೆಂಡಿನ ಕಲ್ಲು ಅಕ್ಕ. ಅಲ್ಲಿ ನಾಗಬನ ಎಲ್ಲುಂಟು?"

"ನಾಗನಿಗೆ ಪಾಸ್‌ಪೋರ್ಟ್ ಬೇಕಾ ಮಾರಾಯ್ತಿ?"

ಮಗಳು ಕೋಣೆಯೊಳಗಿಂದ ಜೋರಾಗಿ ನಕ್ಕಳು. ಅಕ್ಕ ನಗಲಿಲ್ಲ. ನಾನು ಹಾಕುವುದಿಲ್ಲ ಎಂದೆ. ಅವರು ಅಷ್ಟಕ್ಕೇ ಬಿಟ್ಟು ಚಹಾ ಇಡಲು ಹೋದರು. ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಮರುದಿನ ಗಂಡ ನನ್ನನ್ನು ಹಾಸಿಗೆಯ ಹತ್ತಿರ ಕರೆದರು. ಆಸ್ಪತ್ರೆಯಿಂದ ಬಂದ ಮೇಲೆ ಅವರು ಗೋಡೆ ಹಿಡಿದೇ ನಡೆಯುತ್ತಿದ್ದರು. ನೋವಿತ್ತೆಂದಲ್ಲ, ಕೈ ಬಿಟ್ಟರೆ ಮತ್ತೆ ಬೀಳುತ್ತೇನೆ ಎಂಬ ಅಂಜಿಕೆ.

"ಅದನ್ನು ಬಿಟ್ಟುಬಿಡುವಾ?" ಎಂದರು.

"ನೀವು ನಂಬ್ತೀರಾ ಅದನ್ನು?"

"ನಂಬಿಕೆ ಇಲ್ಲ. ಹೆದರಿಕೆ ಉಂಟು."

"ಡಾಕ್ಟರ್ ಹೇಳಿದ್ದು ನೆನಪುಂಟಲ್ಲ? ಸಿಗರೇಟು ಅಂತ."

"ಸಿಗರೇಟು ಬಿಟ್ಟೆನಲ್ಲ. ಇನ್ನು ಬಿಡ್ಲಿಕ್ಕೆ ಮನೆಯಲ್ಲಿ ಉಳಿದದ್ದು ಅದೊಂದೇ."

ತಮಾಷೆಗೆ ಹೇಳಿದ ಹಾಗಿತ್ತು, ಆದರೆ ಕಣ್ಣು ನನ್ನ ಮುಖದ ಮೇಲಿತ್ತು. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಜೊತೆಗಿದ್ದ ಮನುಷ್ಯ ನನ್ನಲ್ಲಿ ಅಪರೂಪಕ್ಕೆ ಏನಾದರೂ ಕೇಳಿದರೆ ಕೊಡದೆ ಇರುವುದು ಹೇಗೆ? ಔಷಧಿ ಕೊಟ್ಟು ಹಾಲ್‌ಗೆ ಬಂದು ಕಪಾಟಿನ ಮುಂದೆ ನಿಂತೆ.

ಅಲ್ಲಿ ನಿಂತಾಗ ನಾನು ಯೋಚಿಸಿದ್ದು ಇಷ್ಟು. ಈ ಫ್ಲಾಟ್ ಬಾಡಿಗೆಯದ್ದು. ವೀಸಾ ಕಫೀಲ್‌ನ, ಅಂದರೆ ಕೆಲಸ ಕೊಟ್ಟ ಧಣಿಯ, ಸಹಿಯ ಮೇಲೆ ನಿಂತದ್ದು. ಇವತ್ತು ಅವನು ಖಲಾಸ್ ಎಂದರೆ ನಾಳೆ ಸಾಮಾನು ಕಟ್ಟಬೇಕು. ಊರಿನಲ್ಲಿ ಕಟ್ಟಿದ ಮನೆಯ ಬಣ್ಣ ಆರಿಸಿದ್ದು ಅತ್ತೆ, ಟೈಲ್ಸ್ ಆರಿಸಿದ್ದು ಮೈದುನ. ನಾನೇ ನೋಡಿ, ನಾನೇ ಕಲಿತು, ಬೇಡದ್ದನ್ನು ಬಿಟ್ಟು ಬೇಕಾದ್ದನ್ನು ಆರಿಸಿ ತಂದದ್ದು ಈ ಕಪಾಟಿನಲ್ಲಿದೆ. ಇದನ್ನು ನೀರಿಗೆ ಹಾಕಿದರೆ ಗಂಡನ ಕಾಯಿಲೆಗೆ ಕಾರಣ ನಾನು ಎಂದು ಒಪ್ಪಿದ ಹಾಗೆ. ಕಾರಣ ನಾನಲ್ಲ. ಹಾಗಾಗಿ ಹಾಕುವುದಿಲ್ಲ. ಒಳಗೆ ಹೋಗಿ ಇದನ್ನೇ ಅವರಿಗೂ ಹೇಳಿದೆ. ಅವರು ಗೋಡೆಯ ಕಡೆ ತಿರುಗಿ ಮಲಗಿದರು.

ಕೆಲವು ದಿನ ಮನೆಯಲ್ಲಿ ಮಾತು ಕಡಿಮೆಯಾಯಿತು. ಆಮೇಲೆ ಅಕ್ಕನೇ ಬಂದು, "ಆಯ್ತು, ನೀರಿಗೆ ಬಿಡುವುದು ಬೇಡ. ಮನೆಯಲ್ಲೇ ಇರ್ಲಿ. ಆದ್ರೆ ಇದ್ದ ಮೇಲೆ ಅದಕ್ಕೊಂದು ಮರ್ಯಾದೆ ಬೇಕು ನೋಡು," ಎಂದರು. ಆಯ್ತು ಅಕ್ಕ ಎಂದೆ. ಆ ಮಾತಿನ ಅರ್ಥವನ್ನು ನಾನು ಕೇಳಿಕೊಳ್ಳಲಿಲ್ಲ.

ನಾಗರಪಂಚಮಿ ಬಂತು. ನಮ್ಮ ಕಡೆ ಆ ದಿನ ಪ್ರತಿ ಕುಟುಂಬದವರೂ ತಮ್ಮ ಮೂಲಸ್ಥಾನದ ನಾಗಬನಕ್ಕೆ ಹೋಗಿ ಕಲ್ಲಿಗೆ ಹಾಲು, ಎಳನೀರು ಎರೆಯುತ್ತಾರೆ. ತನು ಹಾಕುವುದು ಎನ್ನುತ್ತಾರೆ ಅದಕ್ಕೆ. ಅಕ್ಕ ಹುಟ್ಟಿದ ಮೇಲೆ ತನು ಹಾಕದ ಪಂಚಮಿ ಇಲ್ಲ. ಇಲ್ಲಿ ಆಫೀಸಿಗೆ ರಜೆಯಿಲ್ಲ. ಬೆಳಿಗ್ಗೆ ನಾನು ಹೊರಡುವಾಗ ಅವರು ಅರಸಿನ ಎಲೆಗೆ ಅಕ್ಕಿಹಿಟ್ಟು ಸವರುತ್ತಿದ್ದರು. ದೀಪ, ಗಂಟೆ, ಹರಿವಾಣ ಎಲ್ಲ ಸಿಂಕಿನ ಪಕ್ಕ ತೊಳೆಯಲು ಇಟ್ಟಿದ್ದರು. ಬೇಗ ಬಾ ಎಂದರು. ಮೂರು ಗಂಟೆಗೇ ಅನುಮತಿ ಕೇಳಿಕೊಂಡು ಬಂದೆ.

ಬಾಗಿಲು ತೆರೆದಾಗ ಮೊದಲು ಕಂಡದ್ದು ಕಪಾಟಿನ ಗಾಜು ಸರಿಸಿದ್ದು. ನಡುವಿನ ಸಾಲಿನಲ್ಲಿ ಐದು ಜಾಗ ಖಾಲಿ. ಅಡುಗೆಮನೆಯ ನೆಲದಲ್ಲಿ ಅಕ್ಕ ಕೂತಿದ್ದರು, ಎದುರಿಗೆ ಎರಡು ಸ್ಟೀಲ್ ಬೋಗುಣಿ. ಒಂದರ ಪಕ್ಕ ಹಿತ್ತಾಳೆ ದೀಪಗಳು ತೊಳೆದು ಬಂಗಾರದ ಹಾಗೆ ಹೊಳೆಯುತ್ತಿದ್ದವು. ಇನ್ನೊಂದರಲ್ಲಿ ಕಂದು ಬಣ್ಣದ ನೀರು. ಹುಣಸೆಹುಳಿ ಕಿವುಚಿದ ನೀರು, ಮೇಲೆ ಹಿಂಡಿದ ಲಿಂಬೆಯ ಹೋಳುಗಳು ತೇಲುತ್ತಿದ್ದವು. ಆಗಸ್ಟ್ ತಿಂಗಳಿನಲ್ಲಿ ಇಲ್ಲಿ ತಣ್ಣೀರಿನ ನಲ್ಲಿಯಲ್ಲೂ ಬಿಸಿನೀರೇ ಬರುವುದು, ಟ್ಯಾಂಕು ತಾರಸಿಯ ಮೇಲಿರುತ್ತದೆ. ಆ ಬಿಸಿ ಹುಳಿನೀರಿನ ಅಡಿಯಲ್ಲಿ ನನ್ನ ಐದು ಹರಳುಗಳಿದ್ದವು.

ದೇವರಿಗೆ ಸಂಬಂಧಿಸಿದ ವಸ್ತುವನ್ನು ಹುಳಿ ಹಾಕಿ ಬೆಳಗುವುದು ನಮ್ಮಲ್ಲಿ ಎಲ್ಲರೂ ಮಾಡುವ ಕೆಲಸ. ಅಕ್ಕ ಜೀವಮಾನವಿಡೀ ಅದನ್ನೇ ಮಾಡಿದ್ದಾರೆ. ಸುಣ್ಣಕ್ಕೆ ಹುಳಿ ತಾಗಿದರೆ ಸುಣ್ಣ ಕರಗುತ್ತದೆ, ಕರಗುವಾಗ ಗಾಳಿಯ ಗುಳ್ಳೆ ಬಿಡುತ್ತದೆ. ಇದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿರಬೇಕಾಗಿಯೂ ಇರಲಿಲ್ಲ.

ಹರಳುಗಳ ಮೈತುಂಬ ಸಣ್ಣ ಗುಳ್ಳೆಗಳು ಅಂಟಿಕೊಂಡಿದ್ದವು, ಸಾರು ಕುದಿಯುವ ಮುಂಚೆ ಪಾತ್ರೆಯ ಗೋಡೆಯಲ್ಲಿ ಕಾಣುವಂಥವು. ಒಂದೊಂದಾಗಿ ಕಳಚಿ ಮೇಲೆ ಬರುತ್ತಿದ್ದವು.

"ನೋಡು," ಎಂದರು ಅಕ್ಕ. ಧ್ವನಿ ಬಹಳ ಸಣ್ಣದಾಗಿತ್ತು, ಕೆನ್ನೆ ಒದ್ದೆಯಾಗಿತ್ತು. "ಉಸಿರು ಬಿಡ್ತಾ ಉಂಟು. ಪಂಚಮಿ ಅಲ್ವಾ, ಐದು ತೆಗೆದೆ. ಐದೂ ಉಸಿರು ಬಿಡ್ತಾ ಉಂಟು."

ಆಗ ನಾನು ತಲೆ ಎತ್ತಿದೆ. ಫ್ರಿಜ್ಜಿನ ಪಕ್ಕ ಗಂಡ ನಿಂತಿದ್ದರು. ಗೋಡೆ ಹಿಡಿದಿರಲಿಲ್ಲ. ಎರಡೂ ಕೈ ಮುಗಿದಿದ್ದರು.

"ನನಗೆ ಈಗ ಹೆದರಿಕೆ ಇಲ್ಲ," ಎಂದರು.

ಆ ಕ್ಷಣದಲ್ಲಿ ನಾನು ಮಾಡಿದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಕೈಚೀಲವನ್ನು ನೆಲಕ್ಕೆ ಹಾಕಿ ಬೋಗುಣಿಗೆ ಎರಡೂ ಕೈ ಹಾಕಿದೆ. "ಅಕ್ಕ, ಕೈ ತೆಗೀರಿ," ಎಂದೆ. ಅವರು ತೆಗೆಯುವ ಮುಂಚೆಯೇ ಮೊದಲ ಹರಳು ನನ್ನ ಕೈಗೆ ಬಂದಿತ್ತು. ನಲ್ಲಿಯ ನೀರು ಇನ್ನೂ ಬಿಸಿ, ಬಿಸಿಗೆ ಹರಳು ಒಳಗೇ ಸೀಳು ಬಿಡಬಹುದು. ಕುಡಿಯುವ ನೀರಿನ ದೊಡ್ಡ ಬಾಟಲಿಯನ್ನು ಮಗಳು ಓಡಿಬಂದು ಬಗ್ಗಿಸಿ ಹಿಡಿದಳು, ನಾನು ಒಂದೊಂದನ್ನೇ ತೊಳೆದೆ. ಅಕ್ಕ ಎದ್ದು ನಿಂತು ನನ್ನ ಮುಖ ನೋಡುತ್ತಿದ್ದರು. ನಾನು ಅಳುತ್ತಿದ್ದೇನೆಂದು ನನಗೆ ಗೊತ್ತಾದದ್ದು ಮಗಳು, "ಅಮ್ಮಾ, ಸ್ಟಾಪ್, ಐ ವಿಲ್ ಡೂ ಇಟ್," ಎಂದಾಗ.

ಒಣಗಿದ ಮೇಲೆ ಬೆಳಕಿಗೆ ಹಿಡಿದು ನೋಡಿದೆ. ಜರ್ಮನಿಯ ಹಾರ್ಜ್ ಬೆಟ್ಟದ ಬೆಳ್ಳಿಗಣಿಯದ್ದು, ತೆಳ್ಳಗಿನ ಬಿಲ್ಲೆಗಳು ಒಂದರ ಪಕ್ಕ ಒಂದು ನಿಂತದ್ದು, ಅಂಚುಗಳೆಲ್ಲ ಮೊಂಡಾಗಿದ್ದವು. ರೊಮೇನಿಯಾದ್ದು ಮೇಣದ ಹಾಗೆ ಕಾಣುತ್ತಿತ್ತು. ಐಸ್‌ಲ್ಯಾಂಡಿನ ಗಾಜಿನಂಥ ತುಂಡನ್ನು ಅಕ್ಷರದ ಮೇಲಿಟ್ಟರೆ ಅಕ್ಷರ ಎರಡೆರಡಾಗಿ ಕಾಣುತ್ತಿತ್ತು, ಈಗ ಅಕ್ಷರವೇ ಕಾಣಲಿಲ್ಲ. ಚೆಕ್ ದೇಶದ್ದು ಹೇಗೋ ಅರ್ಧ ಉಳಿದಿತ್ತು, ಅಡಿಯಲ್ಲಿ ಸಿಕ್ಕಿಕೊಂಡಿದ್ದರಿಂದ ಇರಬೇಕು. ಎಗ್ರೆಮಾಂಟ್‌ನ ರೆಕ್ಕೆಗಳ ಮೇಲೆ ಹೊಳಪಿರಲಿಲ್ಲ, ಉಜ್ಜಿದ ಗಾಜಿನ ಮಂಕು. ಆಕಾರ ಹಾಗೇ ಇತ್ತು. ಹರಳಿನ ಜೀವ ಅದರ ಮೈಯ ಹೊಳಪಿನಲ್ಲಿ ಎಂದು ನಾವು ಸಂಗ್ರಾಹಕರು ಹೇಳುತ್ತೇವೆ. ಜೀವ ಎಂಬ ಪದ ಬರೆಯುವಾಗ ಅಕ್ಕನ ಮುಖ ನೆನಪಾಗುತ್ತದೆ, ಆದರೂ ಬೇರೆ ಪದ ಸಿಗುತ್ತಿಲ್ಲ.

ಮರುದಿನ ಬೆಳಿಗ್ಗೆ ಮನೆಯಲ್ಲಿ ಹೊಸ ವ್ಯವಸ್ಥೆ ಸಿದ್ಧವಾಗಿತ್ತು. ಹರಳುಗಳನ್ನು ದೇವರ ಮೂಲೆಗೆ ತಂದು ವಾರಕ್ಕೊಮ್ಮೆ ಹೀಗೇ ಬೆಳಗಿ ಹಾಲೆರೆಯಬೇಕು ಎಂದು ಅಕ್ಕ. ಅದೇ ಸರಿ ಎಂದು ಗಂಡ. ಅವರು ಆ ದಿನ ಬಾಲ್ಕನಿಯವರೆಗೆ ತಾವೇ ನಡೆದು ಹೋಗಿದ್ದರು. ಮೊನ್ನೆ ಮೊನ್ನೆಯವರೆಗೆ ಹೊರಗೆ ಹಾಕಬೇಕಾಗಿದ್ದ ಕಲ್ಲು ಈಗ ದೇವರಾಗಿತ್ತು. ಎರಡೂ ಸಲ ಅದು ಏನೆಂದು ನನ್ನನ್ನು ಯಾರೂ ಕೇಳಿರಲಿಲ್ಲ. ಕಪಾಟಿಗೆ ಬೀಗ ಹಾಕಿ ಕೀಲಿಯನ್ನು ನನ್ನ ಆಫೀಸಿನ ಕಾರ್ಡಿನ ಜೊತೆ ಕೊರಳಿಗೆ ಹಾಕಿಕೊಂಡೆ.

ಶುಕ್ರವಾರ ಎಲ್ಲರೂ ಮನೆಯಲ್ಲಿದ್ದರು. ಬೆಳಗಿನ ತಿಂಡಿಯಾದ ಮೇಲೆ ನಾನು ಕಾಂಪೌಂಡಿನ ಹಿಂದಿನ ಒಣ ಹಳ್ಳಕ್ಕೆ ಇಳಿದು ಬಿಳಿ ಕಲ್ಲುಗಳನ್ನು ಹೆಕ್ಕಿ ತಂದೆ. ಇಲ್ಲಿಯ ಬೆಟ್ಟದ ಸುಣ್ಣದ ಕಲ್ಲೇ, ಬೆಕ್ಕು ಮಲಗುವ ಜಾಗದ್ದು. ಅದೇ ಬೋಗುಣಿಯಲ್ಲಿ ಅದೇ ಹುಳಿನೀರು ಮಾಡಿ ಎಲ್ಲರ ಎದುರು ಹಾಕಿದೆ. ಸ್ವಲ್ಪ ಕಾಯಬೇಕಾಯಿತು. ಆಮೇಲೆ ಗುಳ್ಳೆಗಳು ಬಂದವು. ಕಸದ ಬುಟ್ಟಿಯಿಂದ ಮೊಟ್ಟೆಯ ಚಿಪ್ಪು ತೆಗೆದು ಹಾಕಿದೆ. ಅದೂ ಗುಳ್ಳೆ ಬಿಟ್ಟಿತು.

"ಉಸಿರಲ್ಲ ಅಕ್ಕ. ಕರಗುವುದು. ಪ್ರತಿ ವಾರ ಹೀಗೆ ಮಾಡಿದ್ರೆ ಒಂದು ದಿನ ಏನೂ ಉಳಿಯುವುದಿಲ್ಲ."

ಅಕ್ಕ ಬೋಗುಣಿಯ ಮೇಲೆ ಬಗ್ಗಿ ಬಹಳ ಹೊತ್ತು ನೋಡಿದರು. ಬೆರಳಿನಿಂದ ಒಂದು ಕಲ್ಲನ್ನು ಮಗುಚಿ ನೋಡಿದರು.

"ಇದು ಎಲ್ಲಿಯದ್ದು?"

"ಕೆಳಗೆ ಹಳ್ಳದ್ದು. ಈ ಬೆಟ್ಟದ್ದು."

"ಹಾಗಾದ್ರೆ ಈ ದೇಶ ಇಡೀ ಉಸಿರಾಡ್ತದಾ?"

ಗಂಡನಿಗೆ ನಗು ಬಂತು. ಎದೆ ಹಿಡಿದುಕೊಂಡು ನಕ್ಕರು. "ಅಕ್ಕ, ನೀವು ಸೋಲುವವರಲ್ಲ," ಎಂದರು. ಅಕ್ಕನೂ ನಕ್ಕರು. ನಾನು ಕೀಲಿಯನ್ನು ಕೊರಳಿಂದ ತೆಗೆಯಲಿಲ್ಲ.

ಆ ವಾರ ಒಬ್ಬ ಜರ್ಮನ್ ವ್ಯಾಪಾರಿಗೆ ಚಿತ್ರ ಕಳಿಸಿ ಸಲಹೆ ಕೇಳಿದೆ. ಸ್ವಲ್ಪ ಎಣ್ಣೆ ಸವರಿದರೆ ಹೊಳಪು ಬಂದ ಹಾಗೆ ಕಾಣುತ್ತದೆ, ಗೊತ್ತಿಲ್ಲದವರಿಗೆ ಮಾರಬಹುದು ಎಂದು ಬರೆದ. ನಮ್ಮ ಹವ್ಯಾಸದಲ್ಲಿ ಇಂಥದ್ದು ನಡೆಯುತ್ತದೆ, ಸುಳ್ಳು ಹೇಳಲಾರೆ. ನಾನು ಎಣ್ಣೆ ಸವರಲಿಲ್ಲ. ಐದನ್ನೂ ಮೊದಲಿನ ಜಾಗದಲ್ಲೇ, ನಡುವಿನ ಸಾಲಿನಲ್ಲಿ, ದೀಪದ ಕೆಳಗೆ ಇಟ್ಟೆ. ಹಾಳಾದವು ಎಂದು ಹಿಂದಿನ ಸಾಲಿಗೆ ಕಳಿಸಲು ಮನಸ್ಸು ಒಪ್ಪಲಿಲ್ಲ.

ಎರಡನೆಯ ಸ್ಟೆಂಟಿಗೆ ದಿನ ಗೊತ್ತಾಯಿತು. ಅದಕ್ಕೆ ಮೊದಲೇ ಅಕ್ಕನ ವೀಸಾ ಮುಗಿಯುತ್ತಿತ್ತು. ಹೊರಡುವ ದಿನ ಸೂಟ್‌ಕೇಸಿನ ಮೇಲೆ ಕೂತು ಅದನ್ನು ಮುಚ್ಚುತ್ತಿದ್ದಾಗ ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು.

"ಒಂದು ಕೇಳ್ತೇನೆ, ಇಲ್ಲ ಅನ್ನಬೇಡ. ಆ ಹೆಡೆ ಕಲ್ಲನ್ನು ಆಸ್ಪತ್ರೆಗೆ ಹೋಗುವ ಮುಂಚೆ ಒಮ್ಮೆ ಬೆಳಗಿ ಅವನ ಕೈಗೆ ಕೊಡು. ಅವನಿಗೆ ಧೈರ್ಯ ಬರ್ತದೆ. ನೀನೇ ನೋಡಿದ್ದಿಯಲ್ಲ."

ನೋಡಿದ್ದೆ. ಅದು ನಿಜ. ಗೋಡೆ ಹಿಡಿಯದೆ ಅವರು ನಿಂತದ್ದನ್ನು ನಾನು ನೋಡಿದ್ದೆ. "ಇಲ್ಲ ಅಕ್ಕ," ಎಂದೆ. ಅವರು ಮಣಿಕಟ್ಟು ಬಿಟ್ಟರು. ವಿಮಾನ ನಿಲ್ದಾಣದವರೆಗೆ ಕಾರಿನಲ್ಲಿ ಹಿಂದೆ ಕೂತು ಮೊಮ್ಮಕ್ಕಳಿಗೆ ಕೊಂಡ ಖರ್ಜೂರದ ಬಗ್ಗೆ ಮಾತ್ರ ಮಾತಾಡಿದರು.

ಆಸ್ಪತ್ರೆಗೆ ಹೋಗುವ ದಿನ ಬೆಳಿಗ್ಗೆ ಗಂಡ ಮತ್ತೆ ಗೋಡೆ ಹಿಡಿದು ಹಾಲ್‌ಗೆ ಬಂದು ಕಪಾಟಿನ ಮುಂದೆ ನಿಂತರು.

"ಒಮ್ಮೆ ಮಾತ್ರ," ಎಂದರು. "ಒಂದು ಚಮಚ ಹುಳಿನೀರು ಸಾಕು. ಗುಳ್ಳೆ ಬರುವುದನ್ನು ನೋಡಿ ಹೋಗ್ತೇನೆ."

"ಅದು ಯಾಕೆ ಬರ್ತದೆ ಅಂತ ನಿಮಗೆ ಗೊತ್ತುಂಟು."

"ಗೊತ್ತುಂಟು. ಆದ್ರೂ."

"ಇಲ್ಲ."

"ನನಗಿಂತ ಹೆಚ್ಚಾ ನಿನಗೆ ಆ ಕಲ್ಲು?"

ಈ ಪ್ರಶ್ನೆ ಯಾವತ್ತೋ ಒಂದು ದಿನ ಬರುತ್ತದೆ ಎಂದು ನನಗೆ ಗೊತ್ತಿತ್ತು. ಕುರ್ಚಿ ಎಳೆದು ಕೂತೆ, ಅವರನ್ನೂ ಕೂರಿಸಿದೆ.

"ಅಲ್ಲ," ಎಂದೆ. "ಆದ್ರೆ ನಾನು ಅದನ್ನು ಇವತ್ತು ಹುಳಿಗೆ ಹಾಕಿದ್ರೆ, ನೀವು ಗುಣವಾದ್ರೆ ಹುಳಿಯಿಂದ ಆಯ್ತು ಅಂತೀರಿ. ಆಗದಿದ್ರೆ ಸಾಕಾಗ್ಲಿಲ್ಲ ಅಂತೀರಿ. ಮತ್ತೆ ಇನ್ನೊಂದು ಕೇಳ್ತೀರಿ. ಕಪಾಟು ಖಾಲಿಯಾಗ್ತದೆ, ಹೆದರಿಕೆ ಖಾಲಿಯಾಗುವುದಿಲ್ಲ. ನಾನು ಬರ್ತೇನೆ ನಿಮ್ಮ ಜೊತೆ. ಬಾಗಿಲವರೆಗೆ ಕೈ ಹಿಡಿದುಕೊಂಡು ಬರ್ತೇನೆ, ಹೊರಗೆ ಕೂತಿರ್ತೇನೆ, ಅವರು ಎಬ್ಬಿಸಿ ಕಳಿಸಿದ್ರೂ ಏಳುವುದಿಲ್ಲ. ಕಲ್ಲು ಬರುವುದಿಲ್ಲ."

ಅವರು ಎದ್ದರು. ಚಪ್ಪಲಿ ಹಾಕಿಕೊಂಡರು. ಮೆಟ್ಟಿಲಿಳಿಯುವಾಗ ಒಂದು ಕೈ ಕಂಬಿಯ ಮೇಲಿತ್ತು, ಇನ್ನೊಂದು ನನ್ನ ಕೈಯಲ್ಲಿತ್ತು. ಬೆವರಿದ್ದು ಯಾರ ಕೈ ಎಂದು ಹೇಳುವುದು ಕಷ್ಟ.

ಹೇಳಿದ ಹಾಗೇ ಮಾಡಿದೆ. ಹೊರಗಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದೆ. ನರ್ಸ್ ಬಂದು ಕ್ಯಾಂಟೀನಿನಲ್ಲಿ ಏನಾದರೂ ತಿನ್ನಿ ಎಂದಳು, ಏಳಲಿಲ್ಲ. ಎದುರಿನ ಕುರ್ಚಿಯ ಒಮಾನಿ ಮುದುಕಿ ತನ್ನ ಫ್ಲಾಸ್ಕಿನಿಂದ ಕಹ್ವಾ ಎನ್ನುವ ಕಾಫಿ ಬಗ್ಗಿಸಿ ಕೊಟ್ಟಳು, ಕುಡಿದೆ. ಆ ಹೊತ್ತಿನಲ್ಲಿ ನನಗೆ ಹೆದರಿಕೆ ಆಗಲಿಲ್ಲ ಎಂದು ಬರೆದರೆ ಅದು ಸುಳ್ಳು. ಒಂದು ಚಮಚ ಹುಳಿನೀರಿಗೆ ನಾನು ಹೂಂ ಎನ್ನಬಹುದಿತ್ತು ಎಂದು ಆ ಕುರ್ಚಿಯಲ್ಲಿ ಹಲವು ಸಲ ಅನಿಸಿತು. ಅನಿಸಿದರೂ ನಿರ್ಧಾರ ತಪ್ಪೆಂದು ಆಗ ತೋರಲಿಲ್ಲ, ಈಗಲೂ ತೋರುವುದಿಲ್ಲ.

ಡಾಕ್ಟರ್ ಹೊರಗೆ ಬಂದು ಮುಗಿಯಿತು, ಚೆನ್ನಾಗಿ ಆಯಿತು ಎಂದರು. ಒಳಗೆ ಹೋದಾಗ ಗಂಡ ಕಣ್ಣು ತೆರೆದಿದ್ದರು.

"ಇದ್ದಿಯಾ?" ಎಂದರು.

"ಇದ್ದೇನೆ."

"ಕಲ್ಲು?"

"ಮನೆಯಲ್ಲಿ."

"ಹಠಮಾರಿ," ಎಂದು ಕಣ್ಣು ಮುಚ್ಚಿದರು. ಆದರೆ ಕೈ ಬಿಡಲಿಲ್ಲ.

ಅವರು ಗುಣವಾದರು. ಇದಕ್ಕೂ ಕಲ್ಲುಗಳಿಗೂ ಸಂಬಂಧವಿಲ್ಲ. ಗುಣವಾದದ್ದನ್ನು ನನ್ನ ವಾದದ ಸಾಕ್ಷಿಯಾಗಿ ನಾನು ಬಳಸಿಲ್ಲ, ಬೇರೆಯವರಿಗೂ ಬಳಸಲು ಬಿಡುವುದಿಲ್ಲ. ಪಂಚಮಿಯ ದಿನ ಬೆಳಗಿದ್ದರಿಂದಲೇ ಆಯ್ತು ಎಂದು ಅಕ್ಕ ಊರಿನಲ್ಲಿ ಎಲ್ಲರಿಗೂ ಹೇಳುತ್ತಿದ್ದಾರಂತೆ. ಯಾರಾದರೂ ಕೇಳಿದರೆ ನಾನು ಇಲ್ಲ ಎನ್ನುತ್ತೇನೆ, ಅಕ್ಕನ ಎದುರಿಗೂ.

ಈಗ ಅಕ್ಕ ಪ್ರತಿ ಭಾನುವಾರ ಫೋನ್ ಮಾಡುತ್ತಾರೆ. ಮೊದಲು ತಮ್ಮನ ಹತ್ತಿರ, ಆಮೇಲೆ ಮೊಮ್ಮಗಳ ಹಾಗೆ ಮುದ್ದು ಮಾಡುವ ನನ್ನ ಮಗಳ ಹತ್ತಿರ, ಕೊನೆಗೆ ನನ್ನ ಹತ್ತಿರ. ಕಳೆದ ವಾರ ಮಾತೆಲ್ಲ ಮುಗಿದ ಮೇಲೂ ಅವರು ಫೋನ್ ಇಡಲಿಲ್ಲ.

"ಅವು ಹೇಗುಂಟು?" ಎಂದರು.

"ಮಂಕಾಗಿಯೇ ಉಂಟು ಅಕ್ಕ. ಅವು ಇನ್ನು ಹಾಗೇ."

"ನನ್ನ ಮೇಲೆ ಬೇಸರ ಉಂಟಾ?"

ಇಲ್ಲ ಎನ್ನುವುದು ಸುಲಭವಿತ್ತು. ದೊಡ್ಡವರು ಕೇಳಿದರೆ ಹಾಗೆ ಹೇಳುವುದೇ ನಮ್ಮಲ್ಲಿ ರೂಢಿ.

"ಉಂಟು," ಎಂದೆ.

ಆಚೆ ಅವರ ಹಿಂದೆ ಎಲ್ಲೋ ಮಿಕ್ಸಿ ತಿರುಗುತ್ತಿತ್ತು.

"ಇರ್ಲಿ," ಎಂದರು ಅಕ್ಕ. "ಬೇಸರ ಇದ್ದವಳು ಫೋನ್ ತೆಗೀತಿಯಲ್ಲ. ಸಾಕು. ಬೀಗ ಹಾಕಿಯೇ ಇಟ್ಟಿದ್ದಿಯಾ?"

"ಹಾಕಿಯೇ ಇಟ್ಟಿದ್ದೇನೆ."

"ಹಾಕು ಹಾಕು. ಮುಂದಿನ ವರ್ಷ ನಾನು ಪುನಃ ಬರ್ತೇನೆ," ಎಂದು ಫೋನ್ ಇಟ್ಟರು.